ರಾಜೀವಿಯ ಚಪ್ಪಲಿ

ಪರದೇಶದ ವೆರಿಬೀ ಎಂಬ ಊರಿನ ಒಂದು ಬಾಡಿಗೆ ಮನೆಯ ಮುಂದೆ, ಅಕ್ಕಪಕ್ಕದವರೆಲ್ಲ ನೋಡುತ್ತಿರುವಾಗ, ರಾಜೀವಿ ಬರಿಗಾಲಲ್ಲಿ ಹೂಕುಂಡಗಳ ಹಿಂದೆ ಬಗ್ಗಿ ತನ್ನ ಚಪ್ಪಲಿ ಹುಡುಕುತ್ತಿದ್ದಳು. ಉಡುಪಿಯಿಂದ ಬಂದು ಇಷ್ಟು ವರ್ಷವಾದರೂ ಯಾರ ಮನೆಗೆ ಹೋದರೂ ಚಪ್ಪಲಿಯನ್ನು ಹೊರಗೇ ಕಳಚುವ ಅಭ್ಯಾಸ ಅವಳಿಗೆ ತಪ್ಪಿರಲಿಲ್ಲ. ಸಿರಿಯಾದ ಶಿಬಿರಗಳಲ್ಲಿ ಸಿಕ್ಕಿಬಿದ್ದು ಈಗ ಈ ತಮ್ಮ ದೇಶಕ್ಕೆ ಮರಳಿದ ಕುಟುಂಬಗಳನ್ನು ಶಾಲೆ, ಆಸ್ಪತ್ರೆ ಎಂದು ಕೈಹಿಡಿದು ನಡೆಸುವುದು ಅವಳ ಕೆಲಸ. ಸದ್ಯಕ್ಕೆ ಅವಳೇ ನಡೆಯುವ ಸ್ಥಿತಿಯಲ್ಲಿರಲಿಲ್ಲ.

ಚಪ್ಪಲಿ ಸಿಕ್ಕಿದ್ದು ಆ ಮನೆಯ ಹುಡುಗಿ ಸುಮಯಾಳ ಕಂಕುಳಲ್ಲಿ. ನಾಳೆ ಅವಳಿಗೆ ಶಾಲೆಯ ಮೊದಲ ದಿನ. ಹೋಗುವುದಿಲ್ಲವೆಂದು ಹಟ ಹಿಡಿದು, ಕೂತಲ್ಲಿ ಕೂರದೆ, ಬೆಳಿಗ್ಗೆಯಿಂದ ಕಿಟಕಿಗೂ ಬಾಗಿಲಿಗೂ ಓಡಾಡುತ್ತಿದ್ದಳು.

"ಕೊಡು ಪುಟ್ಟಾ. ನಾಳೆ ಶಾಲೆಗೆ ಕರೆದುಕೊಂಡು ಹೋಗಲಿಕ್ಕೆ ನಾನೇ ಬರ್ತೇನಲ್ಲ," ಎಂದು ರಾಜೀವಿ ಇಂಗ್ಲಿಷಿನಲ್ಲಿ ಗೋಗರೆದಳು.

ಹುಡುಗಿಯೂ ಇಂಗ್ಲಿಷಿನಲ್ಲೇ ಹೇಳಿದಳು: "ಕ್ಯಾಂಪಿನಲ್ಲೂ ಎಲ್ಲರೂ ನಾಳೆ ಬರ್ತೇವೆ ಅಂತಲೇ ಹೇಳ್ತಿದ್ದರು. ನೀವು ಬಂದರೆ ಕೊಡ್ತೇನೆ. ಆಮೇಲೆ ಶಾಲೆಗೆ ಹೋಗೋಣ."

'ಹೋಗೋಣ' ಎಂದದ್ದೇ ತಡ, ರಾಜೀವಿ ಬರಿಗಾಲಲ್ಲೇ ಕಾರು ಹತ್ತಿದಳು.

ಮನೆಯಲ್ಲಿ ಗಂಡ ಕಮಲಾಕ್ಷ ಅವಳ ಕಾಲು ನೋಡಿದ. "ಎಂತ ಮಾರಾಯ್ತಿ, ಚಪ್ಪಲಿ ಎಲ್ಲಿ?"

"ಅಡವಿಟ್ಟಿದ್ದೇನೆ. ನಾಳೆ ಎಂಟೂವರೆಗೆ ಹೋಗಿ ಬಿಡಿಸಿಕೊಳ್ಳಬೇಕು."