ಹರವಿಯ ಮುಂದಿನ ಹಾದಿ

ಗುಳೇದಗುಡ್ಡದ ದುರ್ಗವ್ವನ ಮನೆಯಲ್ಲಿ ಮುಂದೆ ಮಗ್ಗ, ಹಿಂದೆ ಹಿತ್ತಲು. ಕೈಗೆ ಚೂರು ಬಿಡುವು ಸಿಕ್ಕಿತೋ, ಹೆಂಗಸು ಕುಂಬಳ ಬಳ್ಳಿಯ ಬುಡದಲ್ಲಿ ಹಾಜರ್. ಹೋದ ವರ್ಷ ಆ ಬಳ್ಳಿ ಹೂ ಬಿಟ್ಟಿದ್ದೇ ಬಿಟ್ಟಿದ್ದು, ಕಾಯಿ ಮಾತ್ರ ಕಚ್ಚಲಿಲ್ಲ. ಈ ವರ್ಷ ಮೂಲೆಯಲ್ಲಿ ಬೋರಲು ಬಿದ್ದಿದ್ದ ಒಡಕು ಮಣ್ಣಿನ ಹರವಿಯೊಳಗೆ ಜೇನು ಬಂದು ಮನೆ ಮಾಡಿತು. ಅದಾದದ್ದೇ ತಡ, ಬಳ್ಳಿ ತುಂಬ ಮಿಡಿಗಾಯಿ! ನುಗ್ಗೆ ಹೂವಿಗೆ ಕರಿ ದುಂಬಿಗಳೂ ಬರತೊಡಗಿದವು.

"ನಮ್ಮ ಹಿತ್ತಲಕ್ಕ ಬೀಗರು ಬಂದಾರ!" ಎಂದು ಅವಳು ಓಣಿಗೆಲ್ಲ ಸಾರಿಕೊಂಡು ಬಂದಳು. ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಪೈಕಿಯಲ್ಲ ದುರ್ಗವ್ವ.

ಆದರೆ ಗಂಡ ಬಾಬಣ್ಣನಿಗೆ ಈ ಬೀಗರು ಹಿಡಿಸಲಿಲ್ಲ. ಮಗಳು ಸುಶ್ಮಿತಾ ಬಸುರಿ. ಮುಂದಿನ ತಿಂಗಳು ತವರಿನಲ್ಲಿ ಅವಳ ಕುಬಸ, ಅಂದರೆ ಸೀಮಂತ. ಆ ದಿನ ಮಗಳು ಉಡುವ ಹಸಿರು ಸೀರೆಗೆ ಒಪ್ಪುವ ರವಿಕೆಯ ಹಸಿರು ಖಣ ತಾನೇ ನೇಯಬೇಕೆಂದು ಅವನ ಹಟ. ನೂಲಿಗೆ ತಾನೇ ಬಣ್ಣ ಹಾಕಿ, ಹಿತ್ತಲಿನ ಬಿದಿರಿಗೆ ಲಡಿಗಳನ್ನು ಒಣಹಾಕಿದ್ದ. ಲಡಿ ತಿರುವಿ ಹಾಕಲು ಹೋದಾಗಲೆಲ್ಲ ಜೇನು ಅವನ ಕೈ ಕಡಿಯುತ್ತಿತ್ತು. ದುರ್ಗವ್ವನಿಗೆ ಒಂದೂ ಕಡಿದಿರಲಿಲ್ಲ. ಅದಂತೂ ಅವನ ಸಿಟ್ಟಿಗೆ ಇನ್ನಷ್ಟು ಎಣ್ಣೆ ಸುರಿಯಿತು.

ಅವತ್ತು ಊದಿದ ಕೈಗೆ ಸುಣ್ಣ ಹಚ್ಚಿಕೊಂಡು ಹೇಳಿಯೇಬಿಟ್ಟ: "ಬಸುರಿ ಹೆಣ್ಣಮಗಳು ಬರೂ ಮನಿ ಇದು. ಆಕಿಗೆ ಕಡದ್ರ ಯಾರ ಜವಾಬ್ದಾರಿ? ಸಂಜೀಗೆ ರಾಜಕುಮಾರ ಪಂಜು ತಗೊಂಡ ಬರ್ತಾನ. ಸುಟ್ಟುಬಿಡೂದ."

ರಾಜಕುಮಾರ ಪಕ್ಕದ ಮನೆಯವನು. ಸುಡುವ ಕೆಲಸವೆಂದರೆ ಅವನಿಗೆ ಎಲ್ಲಿಲ್ಲದ ಹುರುಪು.

ಮಗಳ ವಿಷಯಕ್ಕೆ ಎದುರಾಡುವುದು ಹೇಗೆ? ಆದರೂ ದುರ್ಗವ್ವನ ಮನಸ್ಸು ಒಪ್ಪಲಿಲ್ಲ. ತನ್ನನ್ನು ಕಡಿಯದ ಹುಳ ಇವರನ್ನೇ ಏಕೆ ಕಡಿಯಬೇಕು? ಮಗ್ಗ ಬಿಟ್ಟು, ನುಗ್ಗೆ ಗಿಡದ ಕೆಳಗೆ ಕುಳಿತು, ರೆಪ್ಪೆ ಬಡಿಯದೆ ಹರವಿಯನ್ನೇ ನೋಡತೊಡಗಿದಳು.

ಹರವಿಯ ಬಿರುಕಿನಿಂದ ಹುಳಗಳು ಒಂದರ ಹಿಂದೊಂದು ಹೊರಟು ನೆಟ್ಟಗೆ ಹಾರುತ್ತಿದ್ದವು. ಹಾರಿ ಎಲ್ಲಿಗೆ? ಸೀದಾ ಬಾಬಣ್ಣನ ಲಡಿಗಳಿಗೆ! ಅಷ್ಟು ದೊಡ್ಡ ಹಿತ್ತಲು ಬಿಟ್ಟು, ಮಹಾರಾಯ ಬಿದಿರು ಕಟ್ಟಿದ್ದು ಅವುಗಳ ಬಾಗಿಲಿಗೆ ಅಡ್ಡ! ಕೆಲವು ಸುತ್ತಿ ದಾಟಿದವು. ಕೆಲವು ಎಳೆಯಲ್ಲಿ ಕಾಲು ಸಿಕ್ಕಿ ಗುಂಯ್ ಎಂದು ಒದ್ದಾಡಿದವು.

ಅಷ್ಟರಲ್ಲಿ ಬಾಬಣ್ಣ ಲಡಿ ತಿರುವಲು ಕೈ ಚಾಚಿಕೊಂಡು ಬಂದ.

"ಮುಟ್ಟಬ್ಯಾಡ್ರಿ! ನಿಂದರ್ರಿ, ಅಲ್ಲೇ ನಿಂದರ್ರಿ!" ಸೆರಗು ಜಾರಿದ್ದೂ ತಿಳಿಯದೆ ಅವಳು ಓಡಿಬಂದಳು. "ಅವು ನಿಮ್ಮ ಮ್ಯಾಲ ಬರಾಕತ್ತಿಲ್ರಿ! ನೂಲಿನ್ಯಾಗ ಸಿಕ್ಕೊಂಡಾವ, ಅದಕ್ಕ ಕಡೀತಾವ. ನೋಡ್ರಿ ಇಲ್ಲಿ!"

ಬಾಬಣ್ಣ ಬಗ್ಗಿ ನೋಡಿದ. ಹಸಿರು ಎಳೆಯೊಂದು ಹುಳದ ಕಾಲಿಗೆ ಸುತ್ತಿಕೊಂಡಿತ್ತು. ಸಿಕ್ಕು ಕಂಡರೆ ನೇಕಾರನ ಕೈ ಸುಮ್ಮನಿರುತ್ತದೆಯೇ? ಉಸಿರು ಬಿಗಿಹಿಡಿದು, ಹುಳವನ್ನು ಮುಟ್ಟದೆ, ಊದಿದ ಬೆರಳುಗಳಿಂದಲೇ ಆ ಎಳೆಯನ್ನು ಮೆಲ್ಲಗೆ ಸಡಿಲಿಸಿದ. ಹುಳ ಕಾಲು ಕೊಡವಿ ಹಾರಿತು. ಕಡಿಯಲಿಲ್ಲ.

"ಹೋತ ನೋಡ!" ಎಂದ ಬಾಬಣ್ಣ. ಮುಖವೆಲ್ಲ ನಗೆಯಾಗಿತ್ತು.

ಇಬ್ಬರೂ ಕೂಡಿ ಉಳಿದವನ್ನೂ ಬಿಡಿಸಿ, ಬಿದಿರನ್ನು ಬಚ್ಚಲ ಗೋಡೆಯ ಕಡೆಗೆ ಸರಿಸಿದರು. ಸಂಜೆ ಪಂಜು ಹಿಡಿದು ಬಂದ ರಾಜಕುಮಾರನ ಕೈಗೆ ಬಾಬಣ್ಣ ಒಂದು ಕುಂಬಳಕಾಯಿ ಕೊಟ್ಟು ಕಳಿಸಿದ. ಆಮೇಲೆ ಅವನನ್ನು ಜೇನು ಕಡಿದದ್ದಿಲ್ಲ.

ಕುಬಸದ ದಿನ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪ ನೇಯ್ದ ಹಸಿರು ಖಣದ ರವಿಕೆ ತೊಟ್ಟು ಸುಶ್ಮಿತಾ ಕಳೆಕಳೆಯಾಗಿ ಕಾಣುತ್ತಿದ್ದಳು. ಹೆಂಗಸರು ಫೋಟೊಗೆಂದು ಅವಳನ್ನು ಹಿತ್ತಲಿಗೆ ಕರೆದೊಯ್ದು, ಕುಂಬಳ ಹೂವಿನ ಎದುರು, ಹರವಿಯ ಮುಂದೆಯೇ ಕುರ್ಚಿ ಹಾಕಿದರು. ಆರತಿ ತಟ್ಟೆ ಹಿಡಿದು ಬರುತ್ತಿದ್ದ ದುರ್ಗವ್ವ ಅದನ್ನು ಕಂಡಳು. ಒಂದು ಕಡಿದರೂ ಮುಗಿಯಿತು, ಮತ್ತೆ ಪಂಜು.

ಅವಳು ಬಾಯಿ ತೆರೆಯುವ ಮೊದಲೇ ಬಾಬಣ್ಣ ಧೋತರ ಎತ್ತಿಕಟ್ಟಿ ಓಡಿಬಂದು ಕುರ್ಚಿಯನ್ನು ಈಚೆ ಎಳೆದ.

"ಅಲ್ಲಿ ಬ್ಯಾಡ ಮಗಳ, ಈ ಕಡೆ ಕುಂದ್ರು. ನಮ್ಮ ಬೀಗರು ಅಡ್ಡಾಡೂ ಹಾದಿ ಅದು."