ಥರ್ಮೋಕೋಲ್ ಗೋಡೆ

ಹೊಸಪೇಟೆಯ ಆರಂತಸ್ತಿನ ಲಾಡ್ಜಿಗೆ ಬಿಸಿಲು ತಟ್ಟದಿರಲೆಂದು ಹೊರಗೋಡೆಗೆಲ್ಲ ಥರ್ಮೋಕೋಲ್ ಹಾಳೆ ಅಂಟಿಸಿದವನು ನಾನು. ಅದರ ಮೇಲೆ ಗಾರೆ ಬೀಳುವ ಮೊದಲೇ ಮಾಲೀಕ ಪೂಜೆ ಇಟ್ಟುಕೊಂಡು, ಗೋಡೆಯ ಬುಡದಲ್ಲೇ ಬೂದುಗುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿದ.

“ಗ್ವಾಡಿ ಬುಡಕ ಬ್ಯಾಡ್ರಿ ಸಾವ್ಕಾರ್ರ,” ಎಂದೆ.

“ದೇವ್ರ ಬೆಂಕಿ ಸುಡ್ತೈತೇನಲೇ, ಸುಮ್ಕಿರು,” ಎಂದ.

ಆ ಬೆಂಕಿ ಗೋಡೆ ಹಿಡಿದು ಸರಸರ ಮೇಲೇರಿತು. ಉರಿಯುವ ಹನಿಗಳು ನಮ್ಮ ತಲೆಯ ಮೇಲೇ ಸುರಿದವು. ಎರಡನೇ ಮಹಡಿಯ ಎತ್ತರದಲ್ಲಿ ಬೊಂಬು ಕಟ್ಟಿದ ಸಾರುವೆಯ ಮೇಲಿದ್ದ ನನ್ನ ತಮ್ಮ ಅಲ್ಲಿಂದ ಜಿಗಿದು ಸೊಂಟ ಮುರಿದುಕೊಂಡ. ಮಾಲೀಕನನ್ನು ಕೆಡವಿ ಅವನ ಬಾಯಿಗೆ ಗುದ್ದಿದೆ. ರಕ್ತ ಉಗುಳುತ್ತಲೇ ಅವನು ಕೇಳಿದ: “ಅಂಟಿಸ್ದಾವ ಯಾರಲೇ?”

ಮೊದಲ ದಿನವೇ ಹಾಳೆಯ ಚೂರೊಂದು ನನ್ನ ಬೀಡಿಯ ಕಿಡಿಗೆ ಭಗ್ಗನೆ ಹತ್ತಿದ್ದನ್ನು ನೋಡಿದ್ದೆ. ಅದು ನೆನಪಾಗಿಯೇ ಇನ್ನೂ ಜೋರಾಗಿ ಗುದ್ದಿದೆ.