ಕಾಯಿ ಕೇಳುವ ಮೀನಾಕ್ಷಮ್ಮ

ಬಿಳಿಗೆರೆಯ ಶಿವಮೂರ್ತಿಯವರ ಕೊಬ್ಬರಿ ಶೆಡ್ಡಿನಲ್ಲಿ ಮೀನಾಕ್ಷಮ್ಮನ ಕೆಲಸ ಕೇಳುವುದು. ಅಟ್ಟದ ಮೇಲೆ ಹನ್ನೊಂದು ತಿಂಗಳು ಒಣಗಿ, ಸಿಪ್ಪೆ ಸುಲಿಸಿಕೊಂಡು ಬಂದ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸುತ್ತಾಳೆ. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಗಡಗಡ ಅನ್ನುತ್ತದೆ. ಅದು ಒಡೆಯುವ ಹೆಂಗಸರ ಗುಡ್ಡೆಗೆ. ಸದ್ದು ಮಂಕಾಗಿದ್ದರೆ ಹಸಿ, ಮತ್ತೆ ಅಟ್ಟಕ್ಕೆ. ಹಸಿ ಕಾಯಿ ಒಡೆದರೆ ಉಂಡೆ ಕೊಬ್ಬರಿ ಚೂರಾಗುತ್ತದೆ, ಚೂರಿಗೆ ಮಾರುಕಟ್ಟೆಯಲ್ಲಿ ಮರ್ಯಾದೆಯಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವಳ ಕಿವಿ ತಪ್ಪಿದ್ದನ್ನು ಕಂಡವರಿಲ್ಲ.

ಆ ಕಿವಿಗಿದ್ದದ್ದು ಒಂದೇ ಆಸೆ. ಆರ್ಕೆಸ್ಟ್ರಾದ ಎದುರಿಗೆ ಕೂತು ಒಂದು ಹಾಡನ್ನಾದರೂ ಪೂರ್ತಿ ಕೇಳಬೇಕು. ಊರಲ್ಲಿ ಗಣೇಶನನ್ನು ಕೂರಿಸಿದಾಗಲೆಲ್ಲ ಅವಳು ಒಲೆಯ ಮುಂದೆ; ಹಾಡು ಗಾಳಿಯಲ್ಲಿ ತುಂಡುತುಂಡಾಗಿ ಬರುತ್ತಿತ್ತು.

ಹೀಗಿರುವಾಗ ತಿಪಟೂರಿನ ದಯಾನಂದನ ವಾದ್ಯಗೋಷ್ಠಿಗೆ ಸರ್ಕಾರದ ಅನುದಾನ ಸಿಕ್ಕಿತು. ವೇದಿಕೆಯ ಹತ್ತಿರ ಬರಲಾಗದ ಜನ ಇರುವಲ್ಲಿಗೇ ಹೋಗಿ, ಎಂಟು ಕಡೆ ಪುಕ್ಕಟೆ ನುಡಿಸಬೇಕು. ಎಂಟೂ ಆದರೆ ಮಾತ್ರ ಮುಂದಿನ ವರ್ಷವೂ ಅನುದಾನ ಉಂಟು. ಕಿಬ್ಬನಹಳ್ಳಿಯಿಂದ ಅಮ್ಮಸಂದ್ರದವರೆಗೆ ಏಳು ಮುಗಿದಿದ್ದವು. ಎಂಟನೆಯದಕ್ಕೆ ಅವನು ಈ ಶೆಡ್ಡು ಕೇಳಿದ.

"ನುಡಿಸ್ಕೊಳ್ರಪ್ಪ," ಎಂದರು ಶಿವಮೂರ್ತಿ. "ಕೆಲ್ಸ ಮಾತ್ರ ನಿಲ್ಲಂಗಿಲ್ಲ. ನಾಳಿದ್ದು ಲೋಡು ಹೋಗ್ಬೇಕು."

ವಾದ್ಯಗೋಷ್ಠಿಯ ದಿನ ಮೀನಾಕ್ಷಮ್ಮ ಹಬ್ಬದ ಸೀರೆಯುಟ್ಟು ಬಂದಳು. ಕಾಯಿ ಒಡೆಯುವ ರಾಮಕ್ಕ ಮಚ್ಚು ಹಿಡಿದೇ ನಕ್ಕಳು. "ಏನೇ, ಹೆಣ್ಣು ನೋಡಕ್ ಬತ್ತಾವ್ರಾ?"

"ಬರ್ಲಿ ಬುಡು. ನಾನು ಒಪ್ಪಿಗೆ ಆಗ್ದಿದ್ರೆ ನಿನ್ನ ತೋರುಸ್ತೀನಿ."

ಅಂಗಳದಲ್ಲಿ ಮೊದಲ ಸ್ವರ ಎದ್ದಾಗ ಅವಳ ಮೈ ಜುಮ್ಮೆಂದಿತು. ಕೈ ಅಲುಗಿಸುತ್ತಲೇ ಇತ್ತು. ಆದರೆ ಕ್ಲಾರಿನೆಟ್ಟು ಮೇಲೇರಿದರೆ ಕಾಯಿ ಏನಂದಿತೆಂದು ತಿಳಿಯದು. ಕಾಯಿಗೆ ಕಿವಿಗೊಟ್ಟರೆ ಹಾಡು ಜಾರಿಹೋಗುವುದು. ಎರಡನೇ ಹಾಡಿನ ನಡುವೆ ರಾಮಕ್ಕ ಹೊಡೆದ ಕಾಯಿಯೊಂದು ಚೂರಾಯಿತು. ಆಮೇಲೆ ಇನ್ನೊಂದು. ಮತ್ತೊಂದು.

"ಏನ್ ಮೀನಾಕ್ಷಮ್ಮ ಇದು?" ಶಿವಮೂರ್ತಿ ಹಸಿ ಚೂರುಗಳನ್ನು ಅಂಗೈಯಲ್ಲಿ ಹಿಡಿದು ನಿಂತರು. ಹಾಡು ನಿಂತಿತು. ಗಂಟು ಕಟ್ಟಿ ಹೊರಡಿ ಎನ್ನುತ್ತಾರೇನೋ ಎಂದು ದಯಾನಂದನ ಮುಖ ಬಾಡಿತು.

ಅವಳ ಇಪ್ಪತ್ತೆರಡು ವರ್ಷದ ಹೆಸರು ಆ ಅಂಗೈಯಲ್ಲಿತ್ತು. ಇನ್ನು ಹೀಗಾಗಲ್ಲ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಅವಳ ಪಾಲಿನ ಹಾಡೂ ಮುಗಿಯುತ್ತಿತ್ತು. ಅವಳು ಕೈಯಲ್ಲಿದ್ದ ಕಾಯಿಯನ್ನು ಮೆಲ್ಲಗೆ ನೆಲಕ್ಕಿಟ್ಟಳು.

"ತಪ್ಪು ನಂದೇ ಕಣ್ರೀ ಯಜಮಾನ್ರೇ. ಇರೋದು ಒಂದೇ ಜೊತೆ ಕಿವಿ. ಅವು ಇವತ್ತು ರಜಾ ಹಾಕವೆ. ನೀವೇ ಅಲುಗ್ಸಿ ನೋಡ್ರಿ."

ಶಿವಮೂರ್ತಿ ಒಂದು ಕಾಯಿ ಎತ್ತಿ ಅಲುಗಿಸಿದರು. ಕತ್ತು ವಾಲಿಸಿದರು. ಇನ್ನೊಂದು ಕಿವಿಗೆ ಹಿಡಿದರು. "ಒಣಗೈತೆ," ಎಂದರು.

"ಒಡೀಲಾ ಹಂಗಾರೆ?" ರಾಮಕ್ಕ ಮಚ್ಚು ಎತ್ತಿದಳು.

"ತಡಿಯಮ್ಮ ತಡಿ."

ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಮೀನಾಕ್ಷಮ್ಮ ಕೇಳಿ ಕೊಡದ ಕಾಯಿಯನ್ನು ಒಡೆಸುವ ಧೈರ್ಯ ಯಜಮಾನರಿಗೂ ಇರಲಿಲ್ಲ. ಕೊನೆಗೆ ಅವರು ಕಾಯಿ ಕೆಳಗಿಟ್ಟರು. "ಊಟದವರ್ಗೂ ಅಷ್ಟೇ. ಸಂಜೆ ಒಂದ್ಗಂಟೆ ಜಾಸ್ತಿ ಕೂರ್ಬೇಕು."

"ಎರಡ್ಗಂಟೆ ಕೂತ್ಕತೀವಿ," ಎಂದಳು ಮೀನಾಕ್ಷಮ್ಮ.

ಮಚ್ಚುಗಳು ನೆಲ ಸೇರಿದವು. ಹದಿನಾಲ್ಕು ಹೆಂಗಸರು ಸಿಪ್ಪೆಯ ಗುಡ್ಡೆಯ ಮೇಲೆ ಸಾಲಾಗಿ ಕೂತರು. ಮೀನಾಕ್ಷಮ್ಮ ಎಲ್ಲರಿಗಿಂತ ಮುಂದೆ. ಯಾವ ಹಾಡು ಬೇಕಮ್ಮ ಎಂದು ದಯಾನಂದ ಕೇಳಿದ.

"ಯಾವ್ದಾರಾಗ್ಲಿ ಕಣಪ್ಪ. ಮೊದ್ಲಿಂದ ಶುರುಮಾಡು. ಕೊನೇತಂಕ ನಿಲ್ಲುಸ್ಬ್ಯಾಡ."